ಬಿದ್ದದ್ದನ್ನು ಎಬ್ಬಿಸುವ ಯಂತ್ರ

‘ಸರ್ವರ್ ಇಲ್ರಿ, ನಾಳಿಗಿ ಬರ್ರಿ.’ ಯಡ್ರಾಮಿಯಲ್ಲಿ ಪಹಣಿಗೋ, ಕಾಸ್ಟ್-ಇನ್ಕಮ್‌ಗೋ, ತೊಗರಿ ಮಾರಾಟದ ನೋಂದಣಿಗೋ ಆನ್‌ಲೈನ್ ಸೆಂಟರಿಗೆ ಹೋದವರಿಗೆ ಈ ಮಾತು ಹೊಸದಲ್ಲ. ಒಂದು ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಬಂದವರಿಗೆ ಅದು ಸಣ್ಣ ಮಾತೂ ಅಲ್ಲ. ಹಾಗಾದರೆ ಈ ಸರ್ವರ್ ಎಲ್ಲಿದೆ, ಯಾಕೆ ‘ಇಲ್ಲ’ವಾಗುತ್ತದೆ?

ಇಪ್ಪತ್ತೈದು ವರ್ಷದ ಹಿಂದೆ ಉತ್ತರ ಸುಲಭವಿತ್ತು. ‘ಭೂಮಿ’ ಯೋಜನೆಯ ಆರಂಭದಲ್ಲಿ ಆಯಾ ತಾಲ್ಲೂಕಿನ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇದ್ದವು. ಯಡ್ರಾಮಿ ಆಗ ಜೇವರ್ಗಿ ತಾಲ್ಲೂಕಿನೊಳಗಿತ್ತು. ಜೇವರ್ಗಿಯ ಯಂತ್ರ ಕೆಟ್ಟರೆ ಇಲ್ಲಿಯವರಿಗೂ ಪಹಣಿ ಇಲ್ಲ. ಆದರೆ ಇವತ್ತಿನ ದೊಡ್ಡ ಸೇವೆಗಳು ಒಂದು ಪೆಟ್ಟಿಗೆಯ ಮೇಲೆ ನಿಂತಿಲ್ಲ. ಹತ್ತಾರು, ನೂರಾರು ಯಂತ್ರಗಳ ಗುಂಪಿನ ಮೇಲೆ ಓಡುತ್ತವೆ. ಅಂಥ ಗುಂಪನ್ನು ಸಂಭಾಳಿಸುವ ತಂತ್ರಾಂಶಗಳಲ್ಲಿ ಇಂದು ಹೆಸರಾದದ್ದು ಕುಬರ್ನೆಟೀಸ್. ಗೂಗಲ್ ತನ್ನೊಳಗೆ ಬಳಸುತ್ತಿದ್ದ ‘ಬೋರ್ಗ್’ ವ್ಯವಸ್ಥೆಯ ಅನುಭವದಿಂದ ರೂಪುಗೊಂಡು 2014ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೆ ಕ್ಯೂಆರ್ ಚೌಕವಿದ್ದ ಪ್ರಮಾಣಪತ್ರ ಸಿಕ್ಕಿತಲ್ಲ, ಅದರ ಹಿಂದಿದ್ದ ‘ಡಿವೋಕ್’ ತಂತ್ರಾಂಶವನ್ನು ಕಟ್ಟಿದ್ದು ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್. ಅದು ಕುಬರ್ನೆಟೀಸ್ ಮೇಲೆ ಓಡುವಂತೆ ರಚಿತವಾದದ್ದು.

ಕುಬರ್ನೆಟೀಸ್‌ನೊಳಗೆ ಪ್ರತಿ ಪ್ರೋಗ್ರಾಂ ತನಗೆ ಬೇಕಾದ ಸಾಮಗ್ರಿಯನ್ನೆಲ್ಲ ಜೊತೆಗೇ ಕಟ್ಟಿಕೊಂಡಿರುತ್ತದೆ. ಆ ಕಟ್ಟೇ ಕಂಟೇನರ್. ಗುಂಪಿನ ಯಾವ ಯಂತ್ರದ ಮೇಲಿಟ್ಟರೂ ಅದು ಸಾಮಾನ್ಯವಾಗಿ ಒಂದೇ ರೀತಿ ಓಡುತ್ತದೆ.

ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದನ್ನು ನಡೆಸುವ ವಿಧಾನ. ಎಂಜಿನಿಯರ್ ಇಲ್ಲಿ ‘ಇದು ಮಾಡು, ಅದು ಮಾಡು’ ಎಂದು ಹೇಳುವುದಿಲ್ಲ. ಏನಿರಬೇಕು ಎಂಬುದನ್ನಷ್ಟೇ ಒಂದು ಕಡತದಲ್ಲಿ ಬರೆದಿಡುತ್ತಾರೆ: ಈ ಸೇವೆಯ ಹತ್ತು ಪ್ರತಿಗಳು ಸದಾ ಇರಲಿ. ಮಾಳಿಗೆ ಮೇಲಿನ ಟಾಕಿಯಲ್ಲಿ ಫ್ಲೋಟ್ ವಾಲ್ವ್ ನೀರಿನ ಮಟ್ಟವನ್ನು ಕಾಯುವಂತೆ ಕುಬರ್ನೆಟೀಸ್ ಆ ಹತ್ತನ್ನು ಕಾಯುತ್ತದೆ. ಒಂದು ಬಿದ್ದು ಒಂಬತ್ತಾದರೆ ಹತ್ತನೆಯದನ್ನು ತಾನೇ ಎಬ್ಬಿಸುತ್ತದೆ, ನಡುರಾತ್ರಿಯಾದರೂ ಯಾರನ್ನೂ ಕೇಳದೆ.

ಇಡೀ ಯಂತ್ರವೇ ಸತ್ತರೆ? ಪ್ರತಿ ಯಂತ್ರವೂ ಆಗಾಗ ‘ಇದ್ದೇನೆ’ ಎಂಬ ಸುದ್ದಿ ಕಳಿಸುತ್ತಿರಬೇಕು. ಸುಮಾರು 50 ಸೆಕೆಂಡು ಸುದ್ದಿಯಿಲ್ಲದಿದ್ದರೆ ಅದನ್ನು ಅಸ್ವಸ್ಥವೆಂದು ಗುರುತಿಸಿ ಜನರ ಕೋರಿಕೆಗಳನ್ನು ಬೇರೆಡೆಗೆ ತಿರುಗಿಸಲಾಗುತ್ತದೆ. ಆದರೆ ಅದರ ಮೇಲಿದ್ದ ಪ್ರತಿಗಳ ಬದಲಿಗೆ ಬೇರೆ ಯಂತ್ರದಲ್ಲಿ ಹೊಸವನ್ನು ಹೂಡಲು ಕುಬರ್ನೆಟೀಸ್ ಸಾಮಾನ್ಯವಾಗಿ ಇನ್ನೂ 5 ನಿಮಿಷ ಕಾಯುತ್ತದೆ. ತಂತಿಯಷ್ಟೇ ತಪ್ಪಿ ಯಂತ್ರ ಚೆನ್ನಾಗಿದ್ದಿರಬಹುದಲ್ಲ! ಈ ತಾಳ್ಮೆ ಇಲ್ಲದಿದ್ದರೆ ಸಣ್ಣ ತೊಡಕಿಗೂ ಇಡೀ ಗುಂಪು ಅಲ್ಲೋಲಕಲ್ಲೋಲವಾಗುತ್ತಿತ್ತು.

ಹೊಸ ಆವೃತ್ತಿಯನ್ನು ತರುವಾಗಲೂ ಇದೇ ಎಚ್ಚರ. ಹಳೆಯವನ್ನೆಲ್ಲ ಒಮ್ಮೆಗೇ ಕಿತ್ತುಹಾಕುವುದಿಲ್ಲ. ಹೊಸದನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ‘ತಯಾರಿದ್ದೀಯಾ?’ ಎಂದು ಕೇಳಿ, ಸರಿಯಾದ ಉತ್ತರ ಬಂದಮೇಲೆ ಹಳೆಯದಕ್ಕೆ ರಜೆ.

ಇಷ್ಟಿದ್ದೂ ಸೇವೆ ನಿಲ್ಲುವುದೇಕೆ? ಪ್ರತಿಗಳನ್ನು ಹತ್ತರಿಂದ ನೂರಕ್ಕೆ ಏರಿಸಬಹುದು, ಆದರೆ ಆ ನೂರೂ ಬರೆಯಬೇಕಾದ ದತ್ತಾಂಶದ ಖಾತೆ ಬಹಳ ಸಲ ಒಂದೇ. ನೂಕುನುಗ್ಗಲು ಅಲ್ಲಿ. 2021ರ ಏಪ್ರಿಲ್ 28ರ ಸಂಜೆ 18 ವರ್ಷ ಮೀರಿದವರಿಗೆ ಕೋವಿಡ್ ಲಸಿಕೆಯ ‘ಕೋವಿನ್’ ನೋಂದಣಿ ತೆರೆದಾಗ ಮೊದಲ ಕೆಲವು ನಿಮಿಷ ಪೋರ್ಟಲ್ ತಡವರಿಸಿತು. ಅಂದು ಒಂದೂಕಾಲು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದರು. ತೊಗರಿ ನೋಂದಣಿ ಎಂದು ತೆರೆಯುತ್ತದೆ ಎಂಬುದು ಸರ್ಕಾರಕ್ಕೆ ಮೊದಲೇ ಗೊತ್ತಿರುತ್ತದೆ. ಹಿಂದಿನ ದಿನವೇ ಪ್ರತಿಗಳನ್ನು ಏರಿಸಿ, ದತ್ತಾಂಶದ ಖಾತೆಯ ಮೇಲೆ ಹೊರೆ ಹೇರಿ ಪರೀಕ್ಷಿಸುವುದು ಆಗಲಾರದ ಕೆಲಸವೇನಲ್ಲ.

ಇನ್ನು ಮುಂದೆ ‘ಸರ್ವರ್ ಇಲ್ಲ’ ಎಂದಾಗ ಪರದೆಯನ್ನು ತೋರಿಸಲು ಕೇಳಿ. ಬೇರಾವ ಜಾಲತಾಣವೂ ತೆರೆಯದಿದ್ದರೆ ದೋಷ ಊರಿನ ಅಥವಾ ಸೆಂಟರಿನ ನೆಟ್‌ವರ್ಕಿನದು. ಪರದೆಯ ಮೇಲೆ 503 ಎಂಬ ಅಂಕಿಯಿದ್ದರೆ ಕೋರಿಕೆ ಸರ್ವರಿನ ಬಾಗಿಲವರೆಗೆ ಮುಟ್ಟಿದೆ, ಅದನ್ನು ಎತ್ತಿಕೊಳ್ಳುವ ಸ್ಥಿತಿಯಲ್ಲಿ ಸೇವೆ ಇಲ್ಲ ಎಂದರ್ಥ. ಆ ಅಂಕಿ, ದಿನ, ಹೊತ್ತು ಮೂರನ್ನೂ ನಿಮ್ಮ ದೂರಿನಲ್ಲಿ ಬರೆಯಿರಿ.