ಬದುವಿಗೆ ಬೆಂಕಿ ಹಚ್ಚುವ ಮುಂಚೆ ಒಂದು ಸುತ್ತು ಹಾಕಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಯಲುಸೀಮೆ ಹೊಲಗಳಲ್ಲಿ ಬದು ಸುಡುವ ಕೆಲಸ ಶುರುವಾಗುತ್ತದೆ. ಒಂದು ಕಡ್ಡಿ ಗೀರಿದರೆ ಆಳಿನ ಕೂಲಿ ಉಳಿಯುತ್ತೆ, ನಿಜ. ಆದರೆ ಬದುವಿನಲ್ಲಿ ಹೂವು, ಹಕ್ಕಿ ಎರಡೂ ಜೋರಾಗಿರುವ ಕಾಲವೂ ಇದೇ. ಕಡ್ಡಿ ಗೀರುವ ಮುಂಚೆ ಒಂದು ವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಬದು ಸುತ್ತಿ ಬನ್ನಿ. ದುರ್ಬೀನು ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

ಎಲೆ ಉದುರಿಸಿ ಕೆಂಪಗೆ ನಿಂತ ಮುತ್ತುಗದ ಮರ ಇದ್ದರೆ ಅಲ್ಲಿಂದ ಶುರು ಮಾಡಿ. ಗೊರವಂಕ, ಪಿಕಳಾರ, ಸೂರಕ್ಕಿ, ಕಾಜಾಣ ಎಲ್ಲವೂ ಮಕರಂದಕ್ಕೆ ಬಂದಿರುತ್ತವೆ. ಇದೇ ಕಾಜಾಣ ನಾಳೆ ನೇಗಿಲ ಹಿಂದೆ ಹಾರಿ ಹುಳ ಹಿಡಿಯುವುದು.

ಈಗ ಕಾಲ ಕೆಳಗೆ ನೋಡಿ. ತುಂಬೆ, ಗಾಯಕ್ಕೆ ರಸ ಹಿಂಡುವ ಟ್ರೈಡ್ಯಾಕ್ಸ್, ಇವುಗಳ ಮೇಲೆ ಗಾಳಿಯಲ್ಲೇ ನಿಂತಂತೆ ಹಾರುವ ಹಳದಿ ಪಟ್ಟೆಯ ನೊಣ ಕಂಡರೆ ಅದು ಸಿರ್ಫಿಡ್. ದೊಡ್ಡ ನೊಣಕ್ಕೆ ಮಕರಂದ, ಪರಾಗ ಬೇಕು. ಅದರ ಮರಿಹುಳುವಿಗೆ ಸಸ್ಯಹೇನು ಬೇಕು. ಅಲಸಂದೆಗೆ ಹೇನು ಹತ್ತುವ ಹೊತ್ತಿಗೆ ಈ ನೊಣ ಅಲ್ಲಿರಬೇಕೆಂದರೆ ಅದಕ್ಕೂ ಮುಂಚೆ ಹೂವು ಸಿಗಬೇಕು. ಸುಟ್ಟ ಬದುವಿನಲ್ಲಿ ಏನು ಸಿಗುತ್ತೆ? (ಪಾರ್ಥೇನಿಯಂಗೆ ಮಾತ್ರ ಕರುಣೆ ತೋರಿಸಬೇಡಿ. ಹೂ ಬಿಡುವ ಮೊದಲೇ ಕೈಗವಸು ಹಾಕಿ ಕಿತ್ತುಬಿಡಿ.)

ಬೀಳು ಬಿಟ್ಟ ಹೊಲದಲ್ಲಿ ನಡೆಯುವಾಗ ಟಿಟ್ಟಿಭ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಅಲ್ಲೇ ನಿಲ್ಲಿ. ಹತ್ತಿರದಲ್ಲೇ ಮೊಟ್ಟೆ ಇರಬಹುದು. ಅದು ಗೂಡು ಕಟ್ಟಲ್ಲ, ನೆಲದಲ್ಲಿ ಸಣ್ಣ ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಲ್ಲಿನ ನಡುವೆ ಎದುರಿಗಿದ್ದರೂ ಕಾಣಲ್ಲ. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ಅಶ್ವಿನಿ, ಭರಣಿ ಮಳೆ ಬಿದ್ದ ಕೂಡಲೇ ನಾವು ಟ್ರ್ಯಾಕ್ಟರ್ ಇಳಿಸುವುದೂ ಅದೇ ಸಮಯದಲ್ಲಿ. ಗೂಡಿನ ಸುತ್ತ ಎರಡು ಮಾರು ಜಾಗ ಉಳುಮೆ ಮಾಡದೆ ಬಿಟ್ಟರೆ ನಮಗೇನೂ ನಷ್ಟವಿಲ್ಲ, ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಡೆಯುತ್ತವೆ. ಗುರುತಿಗೆ ಕೋಲು ನೆಡಬೇಡಿ, ಕಾಗೆ ಬಂದು ಕೂರುತ್ತೆ. ನಾಲ್ಕು ಹೆಜ್ಜೆ ದೂರ ಒಂದು ಕಲ್ಲಿಟ್ಟು ಡ್ರೈವರ್‌ಗೆ ತೋರಿಸಿ.

ಬದುವಿನ ಕಡಿದಾದ ಮಣ್ಣಲ್ಲಿ ಬೆರಳು ತೂರುವಷ್ಟು ತೂತುಗಳಿದ್ದು, ತಂತಿ ಮೇಲೆ ಹಸಿರು ಕಳ್ಳಿಪೀರ ಕೂತಿದ್ದರೆ ಅಲ್ಲಿ ಜೆಸಿಬಿ ಬೇಡ. ಜೇನು ಸಾಕುವವರು ಈ ಹಕ್ಕಿಯನ್ನು ಬೈಯುತ್ತಾರೆ, ಅದು ಜೇನ್ನೊಣ ತಿನ್ನುವುದು ಸುಳ್ಳಲ್ಲ. ನನ್ನಲ್ಲೂ ನಾಲ್ಕು ಪೆಟ್ಟಿಗೆ ಇವೆ. ಕಣಜ, ಜೀರುಂಡೆಗಳನ್ನೂ ತಿನ್ನುತ್ತೆ ಅಂತ ನಾನು ಸುಮ್ಮನಿದ್ದೇನೆ.

ಹುಲ್ಲು ಬಿಟ್ಟರೆ ಹಾವು ಸೇರುತ್ತೆ ಅಂತ ಮನೆಯಲ್ಲಿ ಹೇಳುತ್ತಾರೆ. ಆ ಭಯ ಸುಮ್ಮನೆ ಅಲ್ಲ. ಅದಕ್ಕೆ ಮನೆ, ಪಂಪ್‌ಸೆಟ್, ಓಡಾಡುವ ದಾರಿ ಪಕ್ಕದ ಬದುವನ್ನು ನೆಲಮಟ್ಟಕ್ಕೆ ಕತ್ತರಿಸಿ, ಹುಲ್ಲನ್ನು ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕಿ. ಉಳಿದದ್ದರಲ್ಲಿ ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ ಸವರಿದರೆ ಸಾಕು. ಈ ಸಲ ನಾನು ಪಡುವಣ ಬದು ಮುಟ್ಟಿಲ್ಲ, ತುಂಬೆ ಹೆಚ್ಚು ಇರುವುದು ಅಲ್ಲೇ.