ಬೆಲ್ಲದ ಬಣ್ಣ ಮತ್ತು ದೇಹದೊಳಗಿನ ಎಲೆಕ್ಟ್ರಾನ್ ಲೆಕ್ಕ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಎಂದೊಡನೆ ನೆನಪಾಗುವುದು ಕೃಷ್ಣೆಗೆ ರೈತರೇ ಕಟ್ಟಿದ ಬ್ಯಾರೇಜು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸುತ್ತಲಿನ ಹಳ್ಳಿಗಳವರು ವಂತಿಗೆ ಹಾಕಿ, ಮೈಮುರಿದು ದುಡಿದು ಎಬ್ಬಿಸಿದ 'ಶ್ರಮಬಿಂದು ಸಾಗರ' ಅದು. ಹೊಳೆಯಲ್ಲಿ ನೀರು ನಿಂತಿತು, ಹೊಲದಲ್ಲಿ ಕಬ್ಬು ಎದ್ದಿತು. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳ ಜೊತೆಗೆ ಬೆಲ್ಲದ ಗಾಣಗಳೂ ಇವೆ. ಮಹಾಲಿಂಗಪುರದ ಬೆಲ್ಲದ ಪೇಟೆಯಂತೂ ಹೆಸರುವಾಸಿ. ಮನುಷ್ಯನ ಆರೋಗ್ಯಕ್ಕೂ ಕಾಯಿಲೆಗೂ ನೇರ ನಂಟಿರುವ ಒಂದು ರಸಾಯನಕ್ರಿಯೆಯನ್ನು ಕಣ್ಣಾರೆ ನೋಡಬೇಕೆಂದರೆ ಅಂಥ ಗಾಣದ ಮನೆಗೇ ಹೋಗಬೇಕು.

ಗಾಣದಿಂದ ಇಳಿದ ಕಬ್ಬಿನ ಹಾಲು ಮೊದಲಿಗೆ ತುಸು ಹಸಿರು ಛಾಯೆಯಲ್ಲಿರುತ್ತದೆ. ಹಾಗೇ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಕಂದು ತಿರುಗುತ್ತದೆ. ಕಬ್ಬು ಅರೆದಾಗ ಜೀವಕೋಶಗಳು ಒಡೆದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಹೊರಬರುತ್ತದೆ. ಅದು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಹಾಲಿನಲ್ಲಿರುವ ಪಾಲಿಫೀನಾಲ್‌ಗಳ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕಣಗಳು ಒಂದಕ್ಕೊಂದು ಅಂಟಿ ಕಂದು ಬಣ್ಣವಾಗುತ್ತವೆ. ಕೊಪ್ಪರಿಗೆಯಲ್ಲಿ ಪಾಕ ಕುದಿದು 115–120 ಡಿಗ್ರಿ ಸೆಲ್ಸಿಯಸ್‌ಗೆ ಏರುವಾಗ, ಸಕ್ಕರೆ ಮತ್ತು ಅಮೈನೊ ಆಮ್ಲಗಳು ಒಂದರೊಡನೊಂದು ವರ್ತಿಸುವುದರಿಂದ ಬಣ್ಣ ಇನ್ನಷ್ಟು ಕಪ್ಪಾಗುತ್ತದೆ.

ಪೇಟೆಗೆ ಬೇಕಾದದ್ದು ಮಾತ್ರ ಹಳದಿ ಬೆಲ್ಲ. ಹಿಂದಿನವರು ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಕೊಳೆ ತೆಗೆಯುತ್ತಿದ್ದರು. ಈಗ ಎಷ್ಟೋ ಕಡೆ ಹೈಡ್ರೋಸ್ ಎಂಬ ಬಿಳಿ ಪುಡಿ ಬೀಳುತ್ತದೆ. ಇದು ಸೋಡಿಯಂ ಡೈಥಯೊನೈಟ್. ಜವಳಿಗೆ ವ್ಯಾಟ್ ಬಣ್ಣ ಹಾಕುವವರಿಗೂ ಇದು ಪರಿಚಿತ. ಬಣ್ಣದ ಕಣಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ತಾತ್ಕಾಲಿಕವಾಗಿ ಬಣ್ಣಗೆಡಿಸುವುದೇ ಇದರ ಕೆಲಸ. ಪಾಕಕ್ಕೆ ಬಿದ್ದ ಕೂಡಲೇ ಕಂದು ಹೋಗಿ ಬಂಗಾರದ ಬಣ್ಣ ಬರುತ್ತದೆ. ದಾಸ್ತಾನಿಟ್ಟರೆ ಗಾಳಿಯ ಆಮ್ಲಜನಕ ತನ್ನ ಕೆಲಸ ಮುಂದುವರಿಸಿ ಬೆಲ್ಲ ಮತ್ತೆ ಮಂಕಾಗುತ್ತದೆ. ಬಟ್ಟೆಗೆ ಬಣ್ಣ ಹತ್ತುವಾಗಲೂ ನಡೆಯುವುದು ಇದೇ: ಹೈಡ್ರೋಸ್‌ನಲ್ಲಿ ಕರಗಿ ಮಾಸಿದ ನೀಲಿ, ಗಾಳಿಗೆ ಹಿಡಿದಾಗ ಮರಳಿ ಬರುತ್ತದೆ.

ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಒಂದು ಕಣ ಕಳೆದುಕೊಂಡದ್ದನ್ನು ಇನ್ನೊಂದು ಪಡೆಯಲೇಬೇಕಾದ್ದರಿಂದ ಎರಡೂ ಜೊತೆಯಲ್ಲೇ ನಡೆಯುತ್ತವೆ. ಈ ಜೋಡಿಗೇ ರೆಡಾಕ್ಸ್ ಎನ್ನುತ್ತಾರೆ. ಆ ಲೆಕ್ಕದಲ್ಲಿ, ಎಲೆಕ್ಟ್ರಾನ್ ಕೊಟ್ಟು ಉತ್ಕರ್ಷಣ ತಡೆಯುವ ಹೈಡ್ರೋಸ್ ಅಪ್ಪಟ ಆಂಟಿ ಆಕ್ಸಿಡೆಂಟ್! ಡಬ್ಬಿಯ ಮೇಲೆ ಆ ಪದ ಕಂಡೊಡನೆ ಕೈ ಚಾಚುವವರು ಇದನ್ನು ಗಮನಿಸಬೇಕು. ಹೈಡ್ರೋಸ್ ಹಾಕಿದ ಬೆಲ್ಲದಲ್ಲಿ ಗಂಧಕದ ಸಲ್ಫೈಟ್ ಉಳಿಯುತ್ತದೆ. ಅದನ್ನು ಸಲ್ಫೇಟ್ ಮಾಡಿ ಹೊರಹಾಕುವ ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ನಮ್ಮ ಪಿತ್ತಜನಕಾಂಗದಲ್ಲಿದೆ. ಆದರೂ ಕೆಲವು ಅಸ್ತಮಾ ರೋಗಿಗಳಲ್ಲಿ ಸಲ್ಫೈಟ್ ಉಸಿರಾಟದ ತೊಂದರೆ ತರಬಲ್ಲದು. ಹೀಗಾಗಿಯೇ ಆಹಾರದಲ್ಲಿ ಗಂಧಕದ ಡೈಆಕ್ಸೈಡ್‌ಗೆ ಕಾನೂನು ಮಿತಿ ಹಾಕಿದೆ. ಎಲೆಕ್ಟ್ರಾನ್ ಕೊಡುವ ವಸ್ತುವೆಲ್ಲ ಒಳ್ಳೆಯದು, ಕಸಿಯುವುದೆಲ್ಲ ಕೆಟ್ಟದ್ದು ಎಂಬ ಹಂಚಿಕೆ ರಸಾಯನಶಾಸ್ತ್ರದಲ್ಲಿ ಇಲ್ಲ, ಜೀವಶಾಸ್ತ್ರದಲ್ಲೂ ಇಲ್ಲ.

ನಾವು ಉಂಡ ಅನ್ನ ಶಕ್ತಿಯಾಗುವುದೇ ಎಲೆಕ್ಟ್ರಾನ್ ಸಾಗಣೆಯಿಂದ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ನಡುದಾರಿಯಲ್ಲಿ ಕೆಲವು ಸೋರಿ ಹೋಗುತ್ತವೆ. ಒಂದೇ ಎಲೆಕ್ಟ್ರಾನ್ ಹಿಡಿದ ಆಮ್ಲಜನಕ ಸೂಪರ್‌ಆಕ್ಸೈಡ್ ಆಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಿಡಿ ಕಬ್ಬಿಣ ಸಿಕ್ಕರೆ ಡಿಎನ್‌ಎಯನ್ನೂ ಬಿಡದೆ ಹೊಡೆಯುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ತಯಾರಾಗುತ್ತದೆ. ಇಂಥ ಕಣಗಳೇ ಮುಪ್ಪಿಗೆ ಕಾರಣ ಎಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ವಾದ ಮುಂದಿಟ್ಟರು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, ಸೂಪರ್‌ಆಕ್ಸೈಡನ್ನು ಅಡಗಿಸುವ ಕಿಣ್ವ ದನದ ರಕ್ತದಲ್ಲಿದೆ ಎಂದು ತೋರಿಸಿದರು; ನಮ್ಮಲ್ಲೂ ಅದು ಇದೆ. ಕೆಟಲೇಸ್, ಗ್ಲುಟಥಯೋನ್ ಮುಂತಾದ ಇನ್ನೂ ಹಲವು ಕಾವಲುಗಾರರು ಅದರ ಜೊತೆಗಿದ್ದಾರೆ. ಕಸಿಯುವವರ ಕೈ ಮೇಲಾಗಿ ಕಾವಲು ಸೋತ ಸ್ಥಿತಿಗೆ 'ಆಕ್ಸಿಡೇಟಿವ್ ಸ್ಟ್ರೆಸ್' ಎಂಬ ಹೆಸರನ್ನು 1985ರಲ್ಲಿ ನೆಲೆಗೊಳಿಸಿದವರು ಜರ್ಮನಿಯ ಹೆಲ್ಮುಟ್ ಸೀಸ್.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಲ್ಲರೂ ಆಂಟಿ ಆಕ್ಸಿಡೆಂಟ್ ಮಾತ್ರೆ ನುಂಗಿ ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ ಈ ಕಣಗಳು ದೇಹಕ್ಕೆ ಬೇಕು. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸಿ ಅದರ ಮೇಲೆ ಸುರಿಯುತ್ತದೆ. ಆ ಯಂತ್ರಕ್ಕೆ ಹುಟ್ಟಿನಿಂದಲೇ ದೋಷವಿರುವ ಮಕ್ಕಳಿಗೆ ಕ್ರಾನಿಕ್ ಗ್ರ್ಯಾನುಲೊಮಾಟಸ್ ಕಾಯಿಲೆ. ಸೋಂಕು ಬೆನ್ನು ಬಿಡುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಅಲ್ಪ ಪ್ರಮಾಣದಲ್ಲಿ ಸುದ್ದಿಗಾರನೂ ಹೌದು. ಅದರ ಸುಳಿವು ಹತ್ತಿದೊಡನೆ ಎನ್‌ಆರ್‌ಎಫ್2 ಎಂಬ ಪ್ರೊಟೀನು ಕೋಶಕೇಂದ್ರಕ್ಕೆ ಹೋಗಿ ರಕ್ಷಕ ಕಿಣ್ವಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಬ್ಯಾರೇಜಿನ ಗೇಟು ಎಷ್ಟು ಎತ್ತಬೇಕೆಂದು ಹೊಳೆಯ ಮಟ್ಟ ನೋಡಿ ತೀರ್ಮಾನಿಸುವ ಹಾಗೆ, ಜೀವಕೋಶವೂ ಮಟ್ಟ ಅಳೆದೇ ಕೆಲಸ ಮಾಡುತ್ತದೆ.

ಈ ಅಳತೆಗೆ ಹೊರಗಿನಿಂದ ಕೈ ಹಾಕಿದರೆ ಏನಾಗುತ್ತದೆ? ಫಿನ್‌ಲ್ಯಾಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕೆರೋಟಿನ್ ಎಂಬ ಆಂಟಿ ಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. 2009ರ ಜರ್ಮನ್ ಅಧ್ಯಯನದಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಬರೀ ವ್ಯಾಯಾಮ ಮಾಡಿದವರ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿತು. ಜೊತೆಗೆ ದಿನಾ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಐಯು ವಿಟಮಿನ್ ಇ ತಿಂದವರಿಗೆ ಆ ಲಾಭ ದಕ್ಕಲಿಲ್ಲ. ದುಡಿದ ಸ್ನಾಯು ಕಳಿಸಿದ ಸುದ್ದಿಯನ್ನು ಮಾತ್ರೆ ದಾರಿಯಲ್ಲೇ ಅಳಿಸಿಹಾಕಿತ್ತು.

ಹಾಗಂತ ಉತ್ಕರ್ಷಣೆಯ ಪೆಟ್ಟು ಸುಳ್ಳಲ್ಲ. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಗ್ಲುಕೋಸ್ ಏರಿದಾಗ ರಕ್ತನಾಳಗಳ ಒಳಪದರದ ಮೈಟೊಕಾಂಡ್ರಿಯಾಗಳು ಹೆಚ್ಚು ಸೂಪರ್‌ಆಕ್ಸೈಡ್ ಉಗುಳುತ್ತವೆ. ಕಣ್ಣು, ಮೂತ್ರಪಿಂಡ, ನರಗಳು ಕೆಡುವುದರಲ್ಲಿ ಇದರ ಪಾತ್ರವಿದೆ. ಜಿ6ಪಿಡಿ ಕಿಣ್ವದ ಕೊರತೆ ಇರುವವರ ಕೆಂಪು ರಕ್ತಕಣಗಳಿಗೆ ಕಾವಲು ಕಡಿಮೆ. ಅಂಥವರಿಗೆ ಮಲೇರಿಯಾದ ಪ್ರೈಮಾಕ್ವಿನ್ ಕೊಟ್ಟರೆ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಬೀಡಿ, ಸಿಗರೇಟಿನ ಪ್ರತಿ ದಮ್ಮಿನಲ್ಲೂ ಇಂಥ ರ್‍ಯಾಡಿಕಲ್‌ಗಳು ಎದೆಗೆ ಇಳಿಯುತ್ತವೆ.

ಕಪ್ಪು ಬೆಲ್ಲದಲ್ಲಿ ಪಾಲಿಫೀನಾಲ್, ತುಸು ಕಬ್ಬಿಣ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರು 'ಆಂಟಿ ಆಕ್ಸಿಡೆಂಟ್ ಇದೆ' ಎಂದು ಬೆಲ್ಲ ತಿಂದರೆ, ರಕ್ತನಾಳಕ್ಕೆ ಮುಟ್ಟುವುದು ಗ್ಲುಕೋಸಿನ ಪೆಟ್ಟೇ. ತಿನ್ನಬಲ್ಲವರು ಕೊಳ್ಳುವಾಗ ಹಳದಿಗೆ ಮರುಳಾಗದೆ ಹೈಡ್ರೋಸ್ ಇಲ್ಲದ ಬೆಲ್ಲ ಕೇಳಿದರೆ, ಗಾಣದವರಿಗೂ ಅದನ್ನು ಮಾಡುವ ಧೈರ್ಯ ಬರುತ್ತದೆ. ಉಳಿದದ್ದು ಹಳೆಯ ಬುದ್ಧಿಮಾತೇ: ತಂಬಾಕು ಬಿಡಿ, ದಿನಾ ನಡೆಯಿರಿ, ಕಾಯಿಪಲ್ಲೆ-ಕಾಳು ಉಣ್ಣಿ, ರಕ್ತದ ಸಕ್ಕರೆ ಹತೋಟಿಯಲ್ಲಿಡಿ. ಆಂಟಿ ಆಕ್ಸಿಡೆಂಟ್ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ.