ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯ ಮತ್ತು ಕಿರಿಯ ವೈದ್ಯರ ಸಮತೋಲನ

ಆಸ್ಪತ್ರೆಯೊಂದರಲ್ಲಿ ಒಟ್ಟು ಎಷ್ಟು ಮಂದಿ ವೈದ್ಯರಿದ್ದಾರೆ ಎಂಬ ಸಂಖ್ಯೆಯಿಂದ ಮಾತ್ರ ಅಲ್ಲಿನ ಸೇವೆಯನ್ನು ಅಳೆಯಲಾಗದು. ಅವರಲ್ಲಿ ಅನುಭವಿ ತಜ್ಞರೆಷ್ಟು, ಕಿರಿಯರೆಷ್ಟು, ಯಾವ ವೇಳೆಯಲ್ಲಿ ಯಾರು ಲಭ್ಯರಿರುತ್ತಾರೆ ಎಂಬುದೂ ಅಷ್ಟೇ ಮುಖ್ಯ. ರಾಜ್ಯದ ಆಸ್ಪತ್ರೆಗಳಲ್ಲಿನ ಈ ವ್ಯವಸ್ಥೆಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ವೈದ್ಯರ ಶ್ರೇಣಿಗಳು

ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಗಳಂತಹ ಬೋಧನಾ ಆಸ್ಪತ್ರೆಗಳಲ್ಲಿ ಚಿಕಿತ್ಸಾ ವಿಭಾಗಗಳನ್ನು ಘಟಕಗಳಾಗಿ ವಿಂಗಡಿಸಲಾಗಿರುತ್ತದೆ. ಘಟಕದ ಮುಖ್ಯಸ್ಥರ ಅಧೀನದಲ್ಲಿ ಸಹಾಯಕ ಪ್ರಾಧ್ಯಾಪಕರು, ಸ್ನಾತಕೋತ್ತರ ಪದವಿ ಪೂರೈಸಿದ ಸೀನಿಯರ್ ರೆಸಿಡೆಂಟರು, ಸ್ನಾತಕೋತ್ತರ ವ್ಯಾಸಂಗದಲ್ಲಿರುವ ಜೂನಿಯರ್ ರೆಸಿಡೆಂಟರು ಹಾಗೂ ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಕಾರ್ಯನಿರ್ವಹಿಸುತ್ತಾರೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಇಷ್ಟು ಮೆಟ್ಟಿಲುಗಳಿರುವುದಿಲ್ಲ. ಅಲ್ಲಿ ಪ್ರಮುಖವಾಗಿ ತಜ್ಞ ವೈದ್ಯರು ಮತ್ತು ಸಾಮಾನ್ಯ ಕರ್ತವ್ಯ ವೈದ್ಯಾಧಿಕಾರಿಗಳು ಸೇವೆ ಸಲ್ಲಿಸುತ್ತಾರೆ.

ಕರ್ತವ್ಯದ ಅವಧಿಯ ಲೆಕ್ಕ

ಒಂದು ವಾರಕ್ಕೆ 168 ಗಂಟೆಗಳು. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯು ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 48 ಗಂಟೆಗಳ ಕೆಲಸವನ್ನು ಸೂಚಿಸಿದೆ. ಈ ಲೆಕ್ಕದಂತೆ ಹಗಲಿರುಳು ಒಬ್ಬ ವೈದ್ಯರು ಸ್ಥಳದಲ್ಲಿರಬೇಕಾದರೆ ಕನಿಷ್ಠ ನಾಲ್ವರು ಬೇಕು. ರಜೆ ಹಾಗೂ ತರಬೇತಿಯನ್ನು ಸೇರಿಸಿದಲ್ಲಿ ಐವರು. ಒಬ್ಬರೇ ಅರಿವಳಿಕೆ ತಜ್ಞರಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ವಾರವಿಡೀ ಹಗಲಿರುಳು ಸ್ಥಳದಲ್ಲಿರುವುದು ಸಾಧ್ಯವಿಲ್ಲ.

ಸಮತೋಲನ ತಪ್ಪಿದಾಗ

ಕಿರಿಯರು ಮಾತ್ರ ಇದ್ದಲ್ಲಿ ಮಹತ್ವದ ನಿರ್ಧಾರಗಳು ಮರುದಿನ ಬೆಳಗಿನ ರೌಂಡ್ಸ್‌ವರೆಗೆ ಉಳಿಯಬಹುದು. ಅಲ್ಲಿಯೇ ಚಿಕಿತ್ಸೆ ನೀಡಬಹುದಾದ ರೋಗಿಯನ್ನು ಬೇರೆಡೆಗೆ ಕಳುಹಿಸಬೇಕಾಗಬಹುದು. ಕಿರಿಯರ ಕೊರತೆಯಿದ್ದಲ್ಲಿ ವಾರ್ಡಿನ ನಿಗಾ ಸಡಿಲವಾಗುತ್ತದೆ. ತಜ್ಞರ ಸಮಯ ದಾಖಲೆ ಬರೆಯುವುದರಲ್ಲಿಯೇ ಕಳೆಯುತ್ತದೆ.

ಹೆರಿಗೆ ಸೇವೆಯಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಪ್ರಸೂತಿ ತಜ್ಞರೊಂದಿಗೆ ಅರಿವಳಿಕೆ ನೀಡುವವರೂ ಬೇಕು; ಶಿಶುವಿನ ಆರೈಕೆಗೆ ಮಕ್ಕಳ ತಜ್ಞರಿರಬೇಕು. ಅರಿವಳಿಕೆ ನೀಡುವವರಿಲ್ಲದಿದ್ದರೆ ಪ್ರಸೂತಿ ತಜ್ಞರಿದ್ದೂ ಶಸ್ತ್ರಚಿಕಿತ್ಸೆ ನಡೆಯದು. ಹೆರಿಗೆ ನೋವಿನಲ್ಲಿರುವ ತಾಯಿಯು ರಾತ್ರಿ ವೇಳೆ ಜಿಲ್ಲಾ ಕೇಂದ್ರಕ್ಕೆ ಪ್ರಯಾಣಿಸಬೇಕಾಗುತ್ತದೆ. ಈ ವಿಳಂಬದಿಂದ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ ಒದಗಬಹುದು.

ಜಾರಿಯಲ್ಲಿರುವ ಕ್ರಮಗಳು

1. ಕಡ್ಡಾಯ ಸೇವೆ: ವೈದ್ಯಕೀಯ ಪದವೀಧರರ ಒಂದು ವರ್ಷದ ಸೇವೆಗೆ ರಾಜ್ಯದಲ್ಲಿ 2012ರ ಅಧಿನಿಯಮವಿದೆ. 2023ರ ತಿದ್ದುಪಡಿಯ ನಂತರ ಇದು ಖಾಲಿ ಹುದ್ದೆಗಳ ಅಗತ್ಯಕ್ಕೆ ಅನುಗುಣವಾಗಿರುತ್ತದೆ.

2. ಜಿಲ್ಲಾ ರೆಸಿಡೆನ್ಸಿ: ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ತರಬೇತಿ ಪಡೆಯುತ್ತಾರೆ.

ಇವೆರಡೂ ಅವಧಿ ಮುಗಿದೊಡನೆ ನಿರ್ಗಮಿಸುವ ವೈದ್ಯರನ್ನು ಒದಗಿಸುವ ಕ್ರಮಗಳು. ತರಬೇತಿಗೆ ಬಂದವರಿಗೆ ಮಾರ್ಗದರ್ಶನ ನೀಡಲು ಕಾಯಂ ತಜ್ಞರು ಇರಲೇಬೇಕು. ಆದ್ದರಿಂದ ಕಿರಿಯರ ನಿಯೋಜನೆಯು ತಜ್ಞರ ಹುದ್ದೆ ಭರ್ತಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಸಾರ್ವಜನಿಕರ ಗಮನಕ್ಕೆ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಿರಿಯ ವೈದ್ಯರು ಮೊದಲು ಪರೀಕ್ಷಿಸುವುದು ವ್ಯವಸ್ಥೆಯ ಭಾಗವಾಗಿದ್ದು, ಅದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು. ರೋಗಿಯ ಸ್ಥಿತಿ ಗಂಭೀರವಾಗಿದ್ದಲ್ಲಿ ತಜ್ಞರಿಗೆ ತಿಳಿಸಲಾಗಿದೆಯೇ ಎಂದು ವಿಚಾರಿಸಬಹುದು. ಬೇರೆ ಆಸ್ಪತ್ರೆಗೆ ಕಳುಹಿಸಿದಲ್ಲಿ, ಅದುವರೆಗೆ ನೀಡಿದ ಚಿಕಿತ್ಸೆಯ ವಿವರವುಳ್ಳ ಶಿಫಾರಸು ಪತ್ರವನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು.